ಅಟ್ಟದಲ್ಲಿದ್ದ ಸ್ಟ್ರೋಲರ್‌ಗೆ ಬೂಷ್ಟು, ಮುಂದಿನ ಚಕ್ರ ತಿರುಗ್ತಿಲ್ಲ: ಶುಚಿ ಮಾಡೋದು ಹೇಗೆ?

ಅಂಗಳದ_ಮಲ್ಲಿಗೆ, ಉಡುಪಿ

ಸಂಬಂಧಿಕರ ಮನೆಯಿಂದ ಬಂದ ಸ್ಟ್ರೋಲರ್ ಇದು. ಎರಡು ಮಳೆಗಾಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. 7 ತಿಂಗಳ ಮಗುವಿಗೆ ಬಳಸಬೇಕು. ಈಗಿನ ಸ್ಥಿತಿ ಹೀಗಿದೆ.

ಸೀಟಿನ ಬಟ್ಟೆ ಮತ್ತು ಮೇಲಿನ ಕೊಡೆಯ ಒಳಗಡೆ ಕಪ್ಪು ಚುಕ್ಕೆ ಚುಕ್ಕೆಯಾಗಿ ಬೂಷ್ಟು. ಮುಗ್ಗು ವಾಸನೆ, ಅದರ ಜೊತೆ ಹಳೇ ಹಾಲಿನ ಹುಳಿ ವಾಸನೆ. ಮುಂದಿನ ಎಡ ಚಕ್ರ ಸುತ್ತ ತಿರುಗದೆ ಒಂದೇ ಕಡೆ ಎಳೆಯುತ್ತೆ, ಕೀಚ್ ಕೀಚ್ ಸದ್ದು ಬೇರೆ. ಬೆಲ್ಟಿನ ಬಕಲ್ ಒಮ್ಮೆ ಟಕ್ ಅಂತ ಕೂರುತ್ತೆ, ಇನ್ನೊಮ್ಮೆ ಕೂರಲ್ಲ. ಅಲ್ಯೂಮಿನಿಯಂ ಪೈಪು ಮಡಚುವ ಜಾಗದಲ್ಲಿ ಬಿಳಿ ಪುಡಿ.

ಸೀಟ್ ಬಟ್ಟೆಯನ್ನು ವಾಷಿಂಗ್ ಮೆಷಿನ್‌ಗೆ ಹಾಕಬಹುದಾ? ಚಕ್ರಕ್ಕೆ ತೆಂಗಿನೆಣ್ಣೆ ಬಿಟ್ಟರೆ ಸಾಕಾ? ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ಹಾಕು ಅಂತ ಮನೆಯಲ್ಲಿ ಹೇಳ್ತಿದ್ದಾರೆ. ಮಗು ಪಟ್ಟಿಯನ್ನೇ ಬಾಯಿಗೆ ಹಾಕಿಕೊಳ್ಳುತ್ತೆ, ಅದಕ್ಕೇ ಭಯ.

ನೂಲುಗಂಟು

ಬ್ಲೀಚಿಂಗ್ ಪೌಡರ್ ಬೇಡ. ಬಣ್ಣ ಹೋಗುತ್ತೆ ಅನ್ನೋದು ಸಣ್ಣ ವಿಷಯ, ಹೊಲಿಗೆ ದಾರ ಮತ್ತು ಪಟ್ಟಿ ಸಡಿಲವಾಗೋದು ದೊಡ್ಡ ವಿಷಯ. ಮುಂದೆ ಹೇಳುವ ವಿನೆಗರ್ ಜೊತೆಗಂತೂ ಅದನ್ನು ಸೇರಿಸಲೇಬಾರದು, ಕ್ಲೋರಿನ್ ಅನಿಲ ಏಳುತ್ತೆ.

ಮೊದಲ ಕೆಲಸ ನೀರಿನದ್ದಲ್ಲ. ಗಾಡಿಯನ್ನು ಮನೆಯೊಳಗೆ ಬಿಚ್ಚಬೇಡಿ, ಅಂಗಳಕ್ಕೆ ಒಯ್ಯಿರಿ. ಮೂಗಿಗೆ ಮಾಸ್ಕ್ ಹಾಕಿಕೊಂಡು ಒಣ ಬ್ರಷ್‌ನಿಂದ ಬೂಷ್ಟನ್ನು ಉಜ್ಜಿ ಉದುರಿಸಿ. ಮಗು ಹತ್ತಿರ ಇರಬಾರದು. ನೇರವಾಗಿ ಒದ್ದೆ ಮಾಡಿದರೆ ಆ ಪುಡಿ ನೂಲಿನೊಳಗೆ ಇನ್ನಷ್ಟು ಹೂತುಕೊಳ್ಳುತ್ತೆ.

ಆಮೇಲೆ ಸೀಟ್ ಬಿಚ್ಚಿ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಹಿಂದಿನಿಂದ, ಕೆಳಗಿನಿಂದ, ಎರಡೂ ಬದಿಯಿಂದ ಫೋಟೋ ತೆಗೆದಿಡಿ. ಭುಜದ ಪಟ್ಟಿ ಯಾವ ತೂತಿನಿಂದ ಬರುತ್ತೆ, ಯಾವ ಪ್ರೆಸ್ ಬಟನ್ ಯಾವುದಕ್ಕೆ ಅನ್ನೋದು ಮರುದಿನ ನೆನಪಿರಲ್ಲ. ಬೆನ್ನಿನ ಭಾಗವನ್ನು ಬೆರಳಿಂದ ಒತ್ತಿ ನೋಡಿ. ಒಳಗೆ ಗಟ್ಟಿ ಹಲಗೆ ಸಿಗುತ್ತೆ. ಸಾಮಾನ್ಯವಾಗಿ ಕೆಳ ಅಂಚಿನಲ್ಲಿ ಜಿಪ್ ಅಥವಾ ವೆಲ್ಕ್ರೋ ಇರುತ್ತೆ, ಅಲ್ಲಿಂದ ಎಳೆದು ತೆಗೆಯಿರಿ. ಪ್ಲಾಸ್ಟಿಕ್ ಹಲಗೆಯಾದರೆ ತೊಳೆದು ಒರೆಸಿ. ರಟ್ಟು ಅಥವಾ ಹಾರ್ಡ್‌ಬೋರ್ಡ್ ಆದರೆ ನೀರು ತಾಗಿಸಬೇಡಿ, ಉಬ್ಬಿದರೆ ಮತ್ತೆ ಜಾಗದಲ್ಲಿ ಕೂರಲ್ಲ. ಹಲಗೆಯನ್ನು ಒಳಗೇ ಇಟ್ಟು ಹೊಲಿದಿದ್ದರೆ ಆ ಸೀಟನ್ನು ಮುಳುಗಿಸದೆ ಸ್ಪಂಜಿನಲ್ಲೇ ಒರೆಸಬೇಕು, ಮೆಷಿನ್ ಮಾತೇ ಇಲ್ಲ.

ಬೂಷ್ಟಿಗೆ ಅಡುಗೆಯ ಬಿಳಿ ವಿನೆಗರ್ 1 ಲೋಟ, ನೀರು 1 ಲೋಟ. ಸ್ಪ್ರೇ ಮಾಡಿ ಒಂದು ಗಂಟೆ ಬಿಡಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಹೊಲಿಗೆಯ ಸಾಲಿನಲ್ಲಿ ಹೆಚ್ಚು ಹೊತ್ತು ಉಜ್ಜಬೇಕು, ಅಲ್ಲಿ ಎರಡು ಪದರ ಬಟ್ಟೆ ಇರೋದರಿಂದ ಬೂಷ್ಟು ಒಳಗಡೆ ಅಡಗಿರುತ್ತೆ. ಆಮೇಲೆ ಅರ್ಧ ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ಲಿಕ್ವಿಡ್ ಡಿಟರ್ಜೆಂಟ್ ಸಾಕು. ನೊರೆ ಬರೋದು ನಿಲ್ಲುವ ತನಕ ಜಾಲಿಸಿ. ಉಳಿದ ಸೋಪು ಧೂಳನ್ನೂ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತೆ, ಮಗುವಿನ ಚರ್ಮಕ್ಕೂ ಕಡಿತ. ಕಂಫರ್ಟ್ ತರಹದ ಕಂಡಿಷನರ್ ಹಾಕಬೇಡಿ.

ಹಾಲಿನ ವಾಸನೆಗೆ ಬಿಸಿ ನೀರು ಹಾಕೋದೇ ಎಲ್ಲರೂ ಮಾಡುವ ತಪ್ಪು. ಹಾಲಿನ ಪ್ರೋಟೀನ್ ಬಿಸಿಗೆ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತೆ. ಮೊದಲು ತಣ್ಣೀರು, ಆಮೇಲೆ ಎಂಜೈಮ್ ಇರುವ ಡಿಟರ್ಜೆಂಟ್‌ನಲ್ಲಿ ಅರ್ಧ ಗಂಟೆ ನೆನೆಸೋದು.

ಹಲಗೆ ಹೊರಬಂದು, ಲೇಬಲ್‌ನಲ್ಲಿ ಮೆಷಿನ್ ಗುರುತು ಇದ್ದರೆ ಮಾತ್ರ ಮೆಷಿನ್‌ಗೆ: 30 ಡಿಗ್ರಿ, ಜೆಂಟಲ್, ವೆಲ್ಕ್ರೋ ಎಲ್ಲ ಮುಚ್ಚಿ, ದಿಂಬಿನ ಕವರಿನೊಳಗೆ ಹಾಕಿ. ಡ್ರೈಯರ್ ಬೇಡ.

ಒಂದು ವಿಷಯ ಗಮನಿಸಿ. ಸೀಟಿನ ಒಳಗಿನ ಸ್ಪಂಜಿಗೇ ಬೂಷ್ಟು ಇಳಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಸ್ಪಂಜು ಬದಲಿಸಿ. ಪೂರ್ತಿ ಒಣಗಿದ ಮೇಲೆ ಒಂದು ರಾತ್ರಿ ಮುಚ್ಚಿದ ಕೋಣೆಯಲ್ಲಿಟ್ಟು ಬೆಳಿಗ್ಗೆ ಮೂಸಿ ನೋಡಿ. ಮುಗ್ಗು ವಾಸನೆ ಮತ್ತೆ ಬಂದರೆ ಒಳಗೆ ಇನ್ನೂ ಇದೆ ಅಂತಲೇ ಅರ್ಥ.

ಬುಷ್_ಬೇರಿಂಗ್, ಮೈಸೂರು

ಚಕ್ರಕ್ಕೆ ತೆಂಗಿನೆಣ್ಣೆ ದಯವಿಟ್ಟು ಬೇಡ. 24 ಡಿಗ್ರಿ ಆಸುಪಾಸಿನಲ್ಲಿ ಅದು ಹೆಪ್ಪುಗಟ್ಟುತ್ತೆ. ಅದಕ್ಕಿಂತ ಮುಖ್ಯವಾಗಿ, ಎಣ್ಣೆಗೆ ಮರಳು ಅಂಟುತ್ತೆ. ಈ ಚಕ್ರಗಳ ಒಳಗೆ ಇರೋದು ಹೆಚ್ಚಾಗಿ ನೈಲಾನ್ ಬುಷ್, ಅಂದರೆ ಅಕ್ಷ ಕೂರುವ ಸಣ್ಣ ಕೊಳವೆ. ಎಣ್ಣೆ ಸೇರಿದ ಮರಳು ಅಲ್ಲಿ ಎಮರಿ ಪೇಪರಿನ ಕೆಲಸ ಮಾಡಿ ತೂತನ್ನು ಅಗಲ ಮಾಡುತ್ತೆ. ಆಮೇಲೆ ಚಕ್ರ ಗಡಗಡ ಅಲುಗಾಡಲು ಶುರು, ಅದಕ್ಕೆ ಬುಷ್ ಬದಲಿಸೋದು ಬಿಟ್ಟು ಬೇರೆ ಮದ್ದಿಲ್ಲ. ಡಬ್ಲ್ಯೂಡಿ-40 ಸ್ಪ್ರೇ ಹೊಡೆದರೂ ಅಷ್ಟೇ. ಅದು ಮೂಲತಃ ತೇವ ಓಡಿಸಲು ಮಾಡಿದ ದ್ರವ. ಸದ್ದು ಒಂದಷ್ಟು ದಿನ ನಿಲ್ಲುತ್ತೆ, ಒಳಗಿದ್ದ ಗ್ರೀಸ್ ತೊಳೆದುಹೋಗಿ ಮತ್ತೆ ಜೋರಾಗುತ್ತೆ.

ಮುಂದಿನ ಚಕ್ರ ಕಳಚೋದು ಸುಲಭ. ಚಕ್ರದ ಮೇಲಿನ ಗೂಡಿನಲ್ಲಿ ಸಣ್ಣ ಬಟನ್ ಅಥವಾ ಲೋಹದ ನಾಲಿಗೆ ಇರುತ್ತೆ, ಒತ್ತಿ ಹಿಡಿದು ಕೆಳಗೆ ಎಳೆಯಿರಿ. ನೇರ ಕಡ್ಡಿಯೊಂದು ಹೊರಬರುತ್ತೆ. ಚಕ್ರ ಸುತ್ತ ತಿರುಗೋದು ಆ ಕಡ್ಡಿಯ ಮೇಲೆ, ನಿಮ್ಮ ತೊಂದರೆ ಬಹುಶಃ ಅಲ್ಲೇ. ಅದಕ್ಕೂ ಮೊದಲು, ಚಕ್ರವನ್ನು ನೇರ ನಿಲ್ಲಿಸುವ ಸಣ್ಣ ಲಾಕ್ ಒತ್ತಿಕೊಂಡು ಕೂತಿದೆಯಾ ನೋಡಿಬಿಡಿ. ಎಷ್ಟೋ ಸಲ ರಿಪೇರಿ ಬೇಕಿರೋದೇ ಇಲ್ಲ.

ಅಕ್ಷದ ಸುತ್ತ ಕೂದಲು, ಸೀರೆಯ ನೂಲು, ಚಾಪೆಯ ಎಳೆ ಸುತ್ತಿಕೊಂಡು ಬಿಗಿಯಾದ ಉಂಗುರದ ಹಾಗೆ ಆಗಿರುತ್ತೆ. ಅದನ್ನು ಚಾಕುವಿನಿಂದ ಕೆರೆಯಬೇಡಿ, ಪ್ಲಾಸ್ಟಿಕ್ ಗೀಚಿದರೆ ಮತ್ತೆ ನೂಲು ಅಲ್ಲೇ ಸಿಕ್ಕಿಕೊಳ್ಳುತ್ತೆ. ಹೊಲಿಗೆ ಬಿಚ್ಚುವ ರಿಪ್ಪರ್‌ನಿಂದ ಒಂದೇ ಕಡೆ ಕತ್ತರಿಸಿ ಚಿಮುಟದಿಂದ ಎಳೆಯಿರಿ, ಉಂಗುರ ಇಡಿಯಾಗಿ ಬಿಚ್ಚಿಕೊಂಡು ಬರುತ್ತೆ. ಸೋಪು ನೀರಲ್ಲಿ ಟೂತ್‌ಬ್ರಷ್ ಹಾಕಿ ತೊಳೆದು, ಒರೆಸಿ, ಒಂದು ರಾತ್ರಿ ಒಣಗಿಸಿ. ಆಮೇಲೆ ಸಿಲಿಕಾನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಆ ಬಟ್ಟೆಯಿಂದ ಕಡ್ಡಿಯನ್ನೂ ಅಕ್ಷವನ್ನೂ ಸವರಿ. ನೇರವಾಗಿ ಹೊಡೆದರೆ ಬ್ರೇಕ್ ಕಡೆಗೂ ಸೀಟಿನ ಕಡೆಗೂ ಹಾರುತ್ತೆ. ಬೆರಳಿಗೆ ಜಾರಿದ ಹಾಗೆ ಅನಿಸಿದರೆ ಸಾಕು, ಹನಿ ಕಾಣಬಾರದು.

ಕೂರಿಸುವಾಗ ಟಕ್ ಸದ್ದು ಬರಬೇಕು. ಬಂದ ಮೇಲೂ ಒಮ್ಮೆ ಕೆಳಗೆ ಎಳೆದು ನೋಡಿ. ಟೈಲ್ಸ್ ನೆಲದ ಮೇಲೆ ಖಾಲಿ ಗಾಡಿಯನ್ನು ಮೆಲ್ಲಗೆ ತಳ್ಳಿ ಬಿಡಿ. ಎರಡು ಮೂರು ಮೀಟರ್ ನೆಟ್ಟಗೆ ಹೋದರೆ ಸರಿಯಾಗಿದೆ. ಇನ್ನೂ ಎಡಕ್ಕೇ ಎಳೆದರೆ ಎಡ, ಬಲ ಚಕ್ರಗಳನ್ನು ಅದಲುಬದಲು ಹಾಕಿ ನೋಡಿ (ಒಂದೇ ಥರ ಇದ್ದರೆ ಮಾತ್ರ). ಆಗ ಬಲಕ್ಕೆ ಎಳೆದರೆ ತಪ್ಪು ಚಕ್ರದ್ದು, ಎಡಕ್ಕೇ ಎಳೆದರೆ ಫ್ರೇಮ್ ಬಾಗಿದೆ.

ಬಿಳಿ ಪುಡಿ ಅಲ್ಯೂಮಿನಿಯಂನ ತುಕ್ಕು. ಸಮುದ್ರದ ಉಪ್ಪುಗಾಳಿ ಇರುವ ಕಡೆ ಉಕ್ಕಿನ ರಿವೆಟ್ ಸುತ್ತ ಅಲ್ಯೂಮಿನಿಯಂ ಸವೆಯುತ್ತಾ ಬರುತ್ತೆ. ವಿನೆಗರ್ ನೀರಿನ ಬಟ್ಟೆಯಿಂದ ಒರೆಸಿ, ಸಾದಾ ನೀರಿನಿಂದ ಮತ್ತೆ ಒರೆಸಿ, ಒಣಗಿಸಿ. ಪುಡಿ ಹೋದ ಮೇಲೆ ರಿವೆಟ್ ಅಲ್ಲಾಡುತ್ತಾ, ಸುತ್ತ ಬಿರುಕು ಇದೆಯಾ ನೋಡಿ. ಇದ್ದರೆ ಆ ಗಾಡಿಯಲ್ಲಿ ಮಗುವನ್ನು ಕೂರಿಸಬೇಡಿ.

ಪುಟ್ಟಹೆಜ್ಜೆ

ಮೇಲಿನ ಇಬ್ಬರೂ ಬಕಲ್ ವಿಷಯ ಬಿಟ್ಟಿದ್ದಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಅದನ್ನೇ.

ಒಮ್ಮೆ ಕೂತು ಒಮ್ಮೆ ಕೂರದ ಬಕಲ್ ಒಳಗೆ ಹೆಚ್ಚಾಗಿ ಇರೋದು ಒಣಗಿದ ರಾಗಿ ಸರಿ, ಬಿಸ್ಕತ್ತಿನ ಪುಡಿ. ಗಾಡಿಯನ್ನು ತಲೆಕೆಳಗು ಮಾಡಿ ಬಕಲ್ ತಟ್ಟಿ. ಆಮೇಲೆ ಒಂದು ಲೋಟದಲ್ಲಿ ಕೈಗೆ ಹಿತವಾದ ಬಿಸಿನೀರು ಇಟ್ಟು ಬಕಲ್ ಮಾತ್ರ ಮುಳುಗಿಸಿ, ನೀರೊಳಗೇ ಕೆಂಪು ಬಟನ್ನನ್ನು ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ. ನೀರು ಕದಡಿದರೆ ಬದಲಿಸಿ, ತಿಳಿಯಾಗುವ ತನಕ ಮಾಡಿ. ಸೋಪು, ಎಣ್ಣೆ, ಸಿಲಿಕಾನ್ ಯಾವುದೂ ಅದಕ್ಕೆ ಬೇಡ. ಜಾರುವ ಬಕಲ್ ತಾನಾಗಿ ಬಿಚ್ಚಿಕೊಳ್ಳಬಹುದು. ಒಣಗಿದ ಮೇಲೆ ಹತ್ತು ಸಲ ಹಾಕಿ, ಪ್ರತಿ ಸಲವೂ ಜಗ್ಗಿ. ಹತ್ತರಲ್ಲಿ ಒಂದು ಸಲ ಬಿಚ್ಚಿಕೊಂಡರೂ ಕಂಪನಿಯ ಬಿಡಿಭಾಗ ತರಿಸಿ ಬದಲಿಸಿ. ಅಂಗಡಿಯ ಬ್ಯಾಗಿನ ಬಕಲ್ ಹೊಲಿಸಿ ಅಡ್ಜಸ್ಟ್ ಮಾಡಬೇಡಿ.

ಪಟ್ಟಿಗಳಿಗೆ ಮೆಷಿನ್ ಬೇಡ, ನೆನೆಸೋದೂ ಬೇಡ. ಮೆದು ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉದ್ದಕ್ಕೂ ಒರೆಸಿ, ಮತ್ತೆ ಸಾದಾ ನೀರಿನ ಬಟ್ಟೆಯಿಂದ. ಅಂಚಿನಲ್ಲಿ ನೂಲು ಕೂದಲಿನಂತೆ ಎದ್ದಿದ್ದರೆ ಪಟ್ಟಿ ಬದಲಿಸಬೇಕು. ಜೋಡಿಸುವಾಗ ತಿರುಚು ಇರಬಾರದು.

ಬ್ರೇಕ್: ಪೆಡಲ್ ಒತ್ತಿದಾಗ ಒಂದು ಪಿನ್ ಹಿಂದಿನ ಚಕ್ರದ ಒಳಮೈಯ ಹಲ್ಲುಗಳ ನಡುವೆ ಹೋಗಿ ಕೂರುತ್ತೆ. ಆ ಸಂದಿಗಳಲ್ಲಿ ಮಣ್ಣು ಗಟ್ಟಿಯಾಗಿದ್ದರೆ ಪೆಡಲ್ ಕೆಳಗೆ ಹೋದರೂ ಪಿನ್ ಪೂರ್ತಿ ಒಳಗಿರಲ್ಲ. ಕಡ್ಡಿಯಿಂದ ಕೆರೆದು ತೆಗೆಯಿರಿ. ಪರೀಕ್ಷೆಗೆ 10 ಕೆಜಿ ಅಕ್ಕಿ ಚೀಲವನ್ನು ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ, ಇಳಿಜಾರಿನಲ್ಲಿ ಮೊದಲು ಕೆಳಮುಖವಾಗಿ, ಆಮೇಲೆ ಮೇಲ್ಮುಖವಾಗಿ ನಿಲ್ಲಿಸಿ. ಎರಡೂ ಹಿಂದಿನ ಚಕ್ರ ಹಿಡಿಯಬೇಕು.

ಹಿಡಿಕೆಯ ಸ್ಪಂಜು ಕಿತ್ತು ಬರುತ್ತಿದ್ದರೆ ಪೂರ್ತಿ ಕತ್ತರಿಸಿ ತೆಗೆದು ಸೈಕಲ್ ಹ್ಯಾಂಡಲ್ ಟೇಪ್ ಸುತ್ತಿ. ತುಣುಕು ಮಗುವಿನ ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ಅಂಗಳದ_ಮಲ್ಲಿಗೆ

ತುಂಬಾ ಥ್ಯಾಂಕ್ಸ್. ಚಕ್ರ ಸರಿಯಾಯ್ತು, ರಾಶಿ ಕೂದಲು ಬಂತು. ಬಕಲ್ ಕೂಡ ಹತ್ತಕ್ಕೆ ಹತ್ತು. ಎರಡು ಸಂಶಯ. ವಿನೆಗರ್‌ನಲ್ಲಿ ಉಜ್ಜಿ ತೊಳೆದ ಮೇಲೂ ಕೊಡೆಯ ಒಳಗೆ ಬೂದು ಬಣ್ಣದ ಕಲೆ ಉಳಿದಿದೆ, ವಾಸನೆ ಇಲ್ಲ. ಇನ್ನೊಂದು, ಸೀಟಿನಲ್ಲಿ ಹಳದಿ ಕಲೆ ಇತ್ತು, ಸೋಪು ಹಾಕಿದ ಕೂಡಲೇ ಕೆಂಪಾಯ್ತು!

ನೂಲುಗಂಟು

ಕೆಂಪಾದದ್ದು ಅರಿಶಿನ. ಸೋಪಿನ ಕ್ಷಾರಕ್ಕೆ ಹಾಗಾಗುತ್ತೆ, ಗಾಬರಿ ಬೇಡ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತೆ. ಅರಿಶಿನಕ್ಕೆ ಬಿಸಿಲಿಗಿಂತ ಒಳ್ಳೆ ಮದ್ದಿಲ್ಲ. ಒದ್ದೆ ಇರುವಾಗಲೇ ಕಲೆಯ ಭಾಗವನ್ನು ಬಿಸಿಲಿಗೆ ಒಡ್ಡಿ, ಎರಡು ಮೂರು ದಿನ ಹೀಗೆ ಮಾಡಿದರೆ ಮಾಸಿಹೋಗುತ್ತೆ.

ಬೂದು ಕಲೆ ಬೂಷ್ಟು ಬಿಟ್ಟುಹೋದ ಬಣ್ಣ. ವಾಸನೆ ಇಲ್ಲ, ಉಜ್ಜಿದರೆ ಬಿಳಿ ಬಟ್ಟೆಗೆ ಏನೂ ಹತ್ತಲ್ಲ ಅಂದರೆ ಬಳಸಬಹುದು. ಹೋಗಲೇಬೇಕು ಅಂದರೆ ಮೆಡಿಕಲ್ ಶಾಪಿನಲ್ಲಿ ಸಿಗುವ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡನ್ನು ಕಾಣದ ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ. ಬಣ್ಣ ಬಿಡದಿದ್ದರೆ ಕಲೆಗೆ ಹಚ್ಚಿ ಹತ್ತು ನಿಮಿಷದಲ್ಲಿ ತೊಳೆಯಿರಿ. ವಿನೆಗರ್ ಪೂರ್ತಿ ತೊಳೆದುಹೋದ ಮೇಲೆ ಮಾತ್ರ, ಎರಡನ್ನೂ ಒಟ್ಟಿಗೆ ಬಳಸಬಾರದು.

ಬುಷ್_ಬೇರಿಂಗ್, ಮೈಸೂರು

ಬಿಸಿಲಿನ ಬಗ್ಗೆ ಒಂದು ತಿದ್ದುಪಡಿ. ಸೀಟ್ ಬಟ್ಟೆಗೆ ಎರಡು ದಿನದ ಬಿಸಿಲು ಸರಿ. ಇಡೀ ಗಾಡಿಯನ್ನು ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬೇಡಿ, ಪಟ್ಟಿಯ ನೂಲು ಮತ್ತು ಪ್ಲಾಸ್ಟಿಕ್ ಜಾಯಿಂಟ್ ಬೇಗ ಪೆಡಸಾಗುತ್ತೆ. ಪಟ್ಟಿಗಳನ್ನು ನೆರಳಲ್ಲಿ, ಫ್ಯಾನ್ ಗಾಳಿಗೆ ಒಣಗಿಸಿ.

ಮಲ್ಪೆ, ಕಾಪು ಬೀಚಿಗೆ ಒಯ್ದರೆ ಮನೆಗೆ ಬಂದ ದಿನವೇ ಚಕ್ರ ಕಳಚಿ ಸಿಹಿನೀರಿನಲ್ಲಿ ತೊಳೆಯಿರಿ. ಕಾರು ತೊಳೆಯುವ ಪ್ರೆಷರ್ ಪಂಪ್ ಬೇಡ, ಮರಳನ್ನು ಬುಷ್ ಒಳಗೇ ನುಗ್ಗಿಸುತ್ತೆ.

ಪುಟ್ಟಹೆಜ್ಜೆ

ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಈ ಸಲದ ಬೂಷ್ಟಿಗೆ ಅದೇ ಕಾರಣ. ಹಳೇ ಕಾಟನ್ ಸೀರೆಯಲ್ಲಿ ಸುತ್ತಿ, ಕೊಡೆ ಅರ್ಧ ತೆರೆದು, ಗೋಡೆಯಿಂದ ಒಂದು ಗೇಣು ದೂರ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಚ್ಚಿ ಫ್ಯಾನ್ ಕೆಳಗೆ ಇಡಿ.

ಸೀಟಿನ ಜೇಬಿನಲ್ಲಿ ನುಸಿಗುಳಿಗೆ ಹಾಕಬೇಡಿ. ಅದರಲ್ಲಿ ನಾಫ್ತಲೀನ್ ಇದ್ದರೆ, ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಪಾಡುವ ಒಂದು ಎಂಜೈಮ್) ಕೊರತೆ ಇರುವ ಮಕ್ಕಳಲ್ಲಿ ಅದರ ಆವಿಯಿಂದಲೂ ಕೆಂಪು ರಕ್ತಕಣ ಒಡೆದು ಕಾಮಾಲೆ ಬರಬಹುದು. ಕೊರತೆ ಇರೋದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರಲ್ಲ. ಈ ಗಾಡಿಯ ಜೇಬುಗಳಲ್ಲಿ ಹಳೆಯ ಗುಳಿಗೆ ಉಳಿದಿದೆಯಾ ಅಂತ ಇವತ್ತೇ ಒಮ್ಮೆ ಕೈ ಹಾಕಿ ನೋಡಿ.