ಅರ್ಜಿ ಬರುತ್ತಿದೆ, ಸ್ವಾಗತದ ಇಮೇಲ್ ಹೋಗುತ್ತಿಲ್ಲ: ಹೊಸ ಸ್ವಯಂಸೇವಕರ ಆನ್‌ಲೈನ್ ಸೇರ್ಪಡೆ

ಹೊಸಸಂಯೋಜಕ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆಗೆ ಸೇರಬಯಸುವವರು ಗೂಗಲ್ ಫಾರ್ಮ್ ತುಂಬಿದ ಕೂಡಲೇ ಅವರಿಗೆ ಸ್ವಾಗತದ ಇಮೇಲ್ ತಾನಾಗಿಯೇ ಹೋಗಬೇಕು, ಅದರಲ್ಲಿರುವ ಕೊಂಡಿ ಹಿಡಿದು ಅವರು ಮೂರು ಪಾಠಗಳ ತರಬೇತಿಯನ್ನು ಮುಗಿಸಬೇಕು, ಬಳಿಕ ನಾವು ಕೆಲಸ ಹಂಚುತ್ತೇವೆ. ಇಷ್ಟೇ ನಮ್ಮ ವ್ಯವಸ್ಥೆ. ಮೂರು ವಾರಗಳಿಂದ ಇದು ಕೆಟ್ಟಿದೆ. ಅರ್ಜಿಗಳು ಗೂಗಲ್ ಶೀಟಿಗೆ ಸರಿಯಾಗಿ ಬಂದು ಬೀಳುತ್ತಿವೆ, ಆದರೆ ಇಮೇಲ್ ಕೆಲವರಿಗೆ ಹೋಗುತ್ತದೆ, ಹಲವರಿಗೆ ಹೋಗುವುದಿಲ್ಲ. ಕೊನೆಯ 52 ಅರ್ಜಿದಾರರಲ್ಲಿ 9 ಮಂದಿಗೆ ಮಾತ್ರ ತಲುಪಿದೆ. ಉಳಿದವರು ನಮ್ಮನ್ನು ಮರೆತೇ ಬಿಟ್ಟಿದ್ದೀರಾ ಎಂದು ಫೋನ್ ಮಾಡಿ ಕೇಳುತ್ತಿದ್ದಾರೆ.

ನಾನು ಯಾವುದನ್ನೂ ಬದಲಾಯಿಸಿಲ್ಲ. ಇಮೇಲ್ ಕಳುಹಿಸುವ ಪುಟ್ಟ ಪ್ರೋಗ್ರಾಂ ಆದ ಸ್ಕ್ರಿಪ್ಟ್ ತೆರೆದು ರನ್ ಒತ್ತಿ ನೋಡಿದರೆ 'ಕ್ಯಾನಾಟ್ ರೀಡ್ ಪ್ರಾಪರ್ಟೀಸ್ ಆಫ್ ಅನ್‌ಡಿಫೈನ್ಡ್' ಎಂಬ ದೋಷ ಬರುತ್ತದೆ. ಇದಕ್ಕೆ ಪರಿಹಾರವೇನು? ತುರ್ತಾಗಿ ಬೇಕಾಗಿದೆ.

ಅಂಚೆಪೆಟ್ಟಿಗೆ

ಕೆಲವರಿಗೆ ಹೋಗಿ ಕೆಲವರಿಗೆ ಹೋಗದಿದ್ದರೆ ಅದು ಸ್ಕ್ರಿಪ್ಟಿನ ದೋಷವಲ್ಲ, ವಿತರಣೆಯ ದೋಷ. ನಿಮ್ಮ ಡೊಮೇನಿನ ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆಗಳನ್ನು ನೋಡಿ; ಇಮೇಲ್ ನಿಜವಾಗಿ ಆ ಡೊಮೇನಿನದೇ ಎಂದು ಸ್ವೀಕರಿಸುವ ಸರ್ವರ್‌ಗೆ ತೋರಿಸುವ ದಾಖಲೆಗಳು ಅವು. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ಇಮೇಲ್ ಕಳುಹಿಸುವವರೆಲ್ಲರಿಗೂ ಇವೆರಡರಲ್ಲಿ ಒಂದಾದರೂ ಇರಲೇಬೇಕು. ದಿನಕ್ಕೆ 5000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಎರಡೂ ಬೇಕು, ಆ ಪರಿಶೀಲನೆಯಲ್ಲಿ ಸೋತ ಇಮೇಲ್ ಅನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಕೂಡ ಬೇಕು. ಈ ನಿಯಮ ಬಂದ ಮೇಲೆ ಇಂಥ ದೂರು ಹೇಳಿಕೊಂಡು ಬಂದ ಎಷ್ಟೋ ಸಂಸ್ಥೆಗಳಿಗೆ ನಾನು ಇದೇ ಮದ್ದು ಕೊಟ್ಟಿದ್ದೇನೆ.

ಸಾಲುಲೆಕ್ಕ

ಆ ದೋಷಸಂದೇಶವನ್ನು ಸದ್ಯಕ್ಕೆ ಮರೆಯಿರಿ. ಫಾರ್ಮ್ ಸಲ್ಲಿಕೆಯಾದಾಗ ಓಡಬೇಕಾದ ಫಂಕ್ಷನ್‌ಗೆ ಅರ್ಜಿಯ ವಿವರಗಳು ಆ ಸಲ್ಲಿಕೆಯಿಂದಲೇ ಬರುತ್ತವೆ. ಎಡಿಟರ್‌ನಲ್ಲಿ ರನ್ ಒತ್ತಿದಾಗ ಸಲ್ಲಿಕೆಯೇ ಇಲ್ಲದ ಕಾರಣ ಅದು ಬರಿಗೈಯಲ್ಲಿ ಓಡಿ ಮುಗ್ಗರಿಸುತ್ತದೆ. ಸರಿಯಾಗಿರುವ ಸ್ಕ್ರಿಪ್ಟೂ ಹಾಗೆ ಓಡಿಸಿದರೆ ಇದೇ ಮಾತನ್ನು ಹೇಳುತ್ತದೆ. ಎಡಿಟರ್‌ನ ಎಡಬದಿಯಲ್ಲಿ ಸ್ಕ್ರಿಪ್ಟ್ ಯಾವಾಗ ಓಡಿತೆಂದು ತೋರಿಸುವ ಎಕ್ಸಿಕ್ಯೂಷನ್ಸ್ ಎಂಬ ಪುಟವಿದೆ. ಅಲ್ಲಿ ಕಳೆದ ವಾರದ ಸಾಲುಗಳು ಏನು ಹೇಳುತ್ತವೆ ಎಂದು ತಿಳಿಸಿ.

ಸ್ವಂತಸರ್ವರ್

ಫಾರ್ಮ್, ಶೀಟ್, ಸ್ಕ್ರಿಪ್ಟ್ ಎಂದು ಮೂರು ಕಡೆ ಹೊಲಿದ ಕೌದಿ ಎಷ್ಟು ದಿನ ಬಾಳುತ್ತದೆ? ನಾವು ನಮ್ಮದೇ ಸರ್ವರ್‌ನಲ್ಲಿ ಮೂಡಲ್ ಎಂಬ ಆನ್‌ಲೈನ್ ಪಾಠಗಳ ತಂತ್ರಾಂಶ ಹಾಕಿಕೊಂಡಿದ್ದೇವೆ. ಸ್ವಯಂಸೇವಕರು ತಾವೇ ನೋಂದಾಯಿಸಿಕೊಳ್ಳುತ್ತಾರೆ, ದೃಢೀಕರಣದ ಇಮೇಲ್ ಅಲ್ಲಿಂದಲೇ ಹೋಗುತ್ತದೆ, ಒಂದು ಪಾಠ ಮುಗಿಯದೆ ಮುಂದಿನದು ತೆರೆಯುವುದಿಲ್ಲ, ಕೊನೆಗೆ ಪ್ರಮಾಣಪತ್ರವೂ ತಾನಾಗಿಯೇ ಸಿದ್ಧವಾಗುತ್ತದೆ. ಇದಕ್ಕೆಂದು ಎರಡು ಸರ್ವರ್‌ಗಳನ್ನು ಇಟ್ಟಿದ್ದೇನೆ, ರಾತ್ರಿ ಒಂದರ ನಕಲು ಇನ್ನೊಂದಕ್ಕೆ ಹೋಗುತ್ತದೆ. ಬೇಕಿದ್ದರೆ ಪೂರ್ತಿ ಸಂರಚನೆಯನ್ನು ಇಲ್ಲಿ ಹಾಕುತ್ತೇನೆ.

ಸಾಲುಲೆಕ್ಕ

ಸರ್, ಮೂಡಲ್‌ನ ಸೂಚನೆಗಳೂ ಇಮೇಲ್ ಮೂಲಕವೇ ಹೋಗುತ್ತವೆ, ಹಿನ್ನೆಲೆಯ ಕೆಲಸಗಳಿಗಾಗಿ ಪ್ರತಿ ನಿಮಿಷ ಓಡಬೇಕಾದ ಕ್ರಾನ್ ನಿಂತರೆ ಅವೂ ನಿಲ್ಲುತ್ತವೆ. ಏಳು ದಿನಗಳಲ್ಲಿ ದೃಢೀಕರಿಸದ ಖಾತೆಗಳನ್ನು ಅದು ಮೂಲ ಹೊಂದಾಣಿಕೆಯಲ್ಲಿ ಅಳಿಸಿಯೂ ಬಿಡುತ್ತದೆ. ಮನೆ ಸೋರುತ್ತಿದೆ ಎಂದವರಿಗೆ ಹೊಸ ಮನೆ ಕಟ್ಟಿಕೊಳ್ಳಿ ಎನ್ನುವುದು ಉತ್ತರವಲ್ಲ.

ಹೊಸಸಂಯೋಜಕ

ಅಂಚೆಪೆಟ್ಟಿಗೆಯವರು ಹೇಳಿದಂತೆ ಡೊಮೇನಿನ ದಾಖಲೆಗಳಲ್ಲಿ ಗೂಗಲ್‌ನ ಎಸ್‌ಪಿಎಫ್ ಸಾಲನ್ನು ಹೊಸದಾಗಿ ಸೇರಿಸಿದೆ. ಮೊದಲಿದ್ದ ಸಾಲನ್ನೂ ಹಾಗೆಯೇ ಬಿಟ್ಟಿದ್ದೇನೆ. ಸ್ವಾಗತದ ಇಮೇಲ್ ಈಗಲೂ ಹೋಗುತ್ತಿಲ್ಲ. ಅಷ್ಟೇ ಅಲ್ಲ, ನಮ್ಮ ಕಚೇರಿಯಿಂದ ಹೋಗುವ ಇಮೇಲ್‌ಗಳೂ ಸ್ಪ್ಯಾಮ್‌ಗೆ ಬೀಳುತ್ತಿವೆ ಎಂದು ನಿನ್ನೆಯಿಂದ ದೂರು ಶುರುವಾಗಿದೆ.

ಅಂಚೆಪೆಟ್ಟಿಗೆ

ಎರಡು ಸಾಲು ಹಾಕಿ ಎಂದು ನಾನು ಎಲ್ಲಿ ಹೇಳಿದೆ? ದಾಖಲೆಯನ್ನು ನೋಡಿ ಎಂದೆ, ಅಷ್ಟೇ. ಡಿಎನ್ಎಸ್ (ಡೊಮೇನಿನ ದಾಖಲೆಗಳ) ಬದಲಾವಣೆ ಎಲ್ಲೆಡೆ ಹರಡಲು ಸಮಯ ಹಿಡಿಯುತ್ತದೆ, ಇನ್ನೊಂದು ದಿನ ಕಾಯಿರಿ.

ಸಾಲುಲೆಕ್ಕ

ದಯವಿಟ್ಟು ಕಾಯಬೇಡಿ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಎರಡಿದ್ದರೆ ಸ್ವೀಕರಿಸುವ ಸರ್ವರ್ ಯಾವುದನ್ನೂ ಒಪ್ಪದೆ ಇಡೀ ಪರಿಶೀಲನೆಯನ್ನು ದೋಷವೆಂದು ಪರಿಗಣಿಸುತ್ತದೆ. ಹೊಸ ಸಾಲನ್ನು ಈಗಲೇ ತೆಗೆದುಹಾಕಿ. ಇನ್ನೊಂದು ಪ್ರಶ್ನೆ: ಸ್ವಾಗತದ ಇಮೇಲ್ ಯಾವ ವಿಳಾಸದಿಂದ ಹೋಗುತ್ತಿತ್ತು?

ಹೊಸಸಂಯೋಜಕ

ಒಂದು ಸಾಮಾನ್ಯ ಜಿಮೇಲ್ ವಿಳಾಸದಿಂದ. ನಮ್ಮ ಡೊಮೇನಿನಿಂದ ಅಲ್ಲ. ಅದು ಗೊತ್ತಿರುವ ವಿಷಯವೆಂದು ಮೊದಲು ಬರೆದಿರಲಿಲ್ಲ.

ಸಾಲುಲೆಕ್ಕ

ಹಾಗಿದ್ದರೆ ನಿಮ್ಮ ಡೊಮೇನಿನ ಎಸ್‌ಪಿಎಫ್‌ಗೂ ಈ ಇಮೇಲ್‌ಗೂ ಸಂಬಂಧವೇ ಇಲ್ಲ.

ಅಂಚೆಪೆಟ್ಟಿಗೆ

ಆದರೂ 9 ಮಂದಿಗೆ ತಲುಪಿ 43 ಮಂದಿಗೆ ತಲುಪದಿರುವುದನ್ನು ನಿಮ್ಮ ವಾದ ವಿವರಿಸುವುದಿಲ್ಲ. ಸ್ಕ್ರಿಪ್ಟ್ ಸತ್ತಿದ್ದರೆ ಒಬ್ಬರಿಗೂ ಹೋಗಬಾರದಿತ್ತು. ತಲುಪದವರು ಸ್ಪ್ಯಾಮ್ ನೋಡಿದ್ದಾರೆಯೇ ಎಂದು ಒಬ್ಬೊಬ್ಬರನ್ನೇ ಕೇಳಿ ಬನ್ನಿ.

ಕೀಲಿಕೈ

ನಡುವೆ ಬಂದೆ, ಕ್ಷಮಿಸಿ. ನಿಮ್ಮ ಫಾರ್ಮ್‌ನಲ್ಲಿ ಗುರುತಿನ ಚೀಟಿಯ ಚಿತ್ರವನ್ನು ಅಪ್‌ಲೋಡ್ ಮಾಡಲು ಕೇಳಿದ್ದೀರಾ?

ಹೊಸಸಂಯೋಜಕ

ಹೌದು, ಎರಡನೆಯ ಪ್ರಶ್ನೆಯೇ ಅದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕೀಲಿಕೈ

ಕಡತ ಅಪ್‌ಲೋಡ್ ಮಾಡುವ ಪ್ರಶ್ನೆ ಒಂದೇ ಒಂದು ಇದ್ದರೂ, ಫಾರ್ಮ್ ತುಂಬುವವರು ಗೂಗಲ್ ಖಾತೆಗೆ ಸೈನ್ ಇನ್ ಆಗಲೇಬೇಕು. ಖಾತೆ ಇಲ್ಲದವರು ಬಾಗಿಲಲ್ಲೇ ಹಿಂತಿರುಗುತ್ತಾರೆ, ಅವರ ಲೆಕ್ಕ ನಿಮ್ಮ ಶೀಟಿನಲ್ಲಿ ಕಾಣಿಸುವುದೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಇನ್ನೂ ಒಂದು ಮಾತೂ ಆಡಿರದ ಅಪರಿಚಿತರಿಂದ ಗುರುತಿನ ಚೀಟಿ ಕೇಳಿ, ಅದನ್ನು ಯಾರದೋ ಡ್ರೈವ್‌ನಲ್ಲಿ ರಾಶಿ ಹಾಕುವುದು ಸರಿಯಲ್ಲ. ತರಬೇತಿ ಮುಗಿದು ಕೆಲಸ ಹಂಚುವಾಗ ಒಮ್ಮೆ ನೋಡಿ ಹಿಂತಿರುಗಿಸಿದರೆ ಸಾಕು.

ಸ್ವಂತಸರ್ವರ್

ಮಕ್ಕಳೊಂದಿಗೆ ಕೆಲಸ ಮಾಡುವ ಸಂಸ್ಥೆಗಳು ಗುರುತನ್ನು ಮೊದಲೇ ನೋಡಬೇಕಾಗುತ್ತದೆ. ಎಲ್ಲರಿಗೂ ಒಂದೇ ಉಪದೇಶ ಹೊಂದುವುದಿಲ್ಲ. ನಮ್ಮಲ್ಲಿ ಇಂಥ ಕಡತಗಳು ಗೂಢಲಿಪೀಕರಿಸಿದ ಪ್ರತ್ಯೇಕ ಡಿಸ್ಕ್‌ನಲ್ಲಿರುತ್ತವೆ.

ಕೀಲಿಕೈ

ನೋಡಬೇಕೆಂಬುದನ್ನು ನಾನು ಅಲ್ಲಗಳೆಯಲಿಲ್ಲ. ನೋಡುವುದು ಬೇರೆ, ನಕಲು ಇಟ್ಟುಕೊಳ್ಳುವುದು ಬೇರೆ. ಡಿಸ್ಕ್ ಎಷ್ಟೇ ಗಟ್ಟಿಯಾಗಿದ್ದರೂ ಇಲ್ಲದ ನಕಲು ಕಳುವಾಗುವುದಿಲ್ಲ.

ಸಾಲುಲೆಕ್ಕ

ಈ ಚರ್ಚೆಗೆ ಬೇರೆ ಎಳೆ ತೆರೆಯಬಹುದೇ? ಹೊಸಸಂಯೋಜಕರೇ, ಎಕ್ಸಿಕ್ಯೂಷನ್ಸ್ ಪುಟದ ಬಗ್ಗೆ ನೀವಿನ್ನೂ ಹೇಳಿಲ್ಲ.

ಹೊಸಸಂಯೋಜಕ

ನೋಡಿದೆ. ನಾನು ರನ್ ಒತ್ತಿದ ಎರಡು ಸಾಲುಗಳಿವೆ. ಬೇರೆ ಏನೂ ಇಲ್ಲ. ಫಂಕ್ಷನ್ನಿನ ಹೆಸರು ಆನ್‌ಫಾರ್ಮ್‌ಸಬ್ಮಿಟ್ ಎಂದೇ ಇದೆ, ಹಾಗಾಗಿ ಫಾರ್ಮ್ ಬಂದಾಗ ಅದು ತಾನಾಗಿ ಓಡಬೇಕಲ್ಲವೇ?

ಸಾಲುಲೆಕ್ಕ

ಹೆಸರಿನಿಂದ ಓಡುವುದಿಲ್ಲ. ಆನ್‌ಓಪನ್, ಆನ್‌ಎಡಿಟ್‌ನಂಥ ಕೆಲವು ಹೆಸರುಗಳಿಗೆ ಮಾತ್ರ ಆ ಭಾಗ್ಯವಿದೆ. ಫಾರ್ಮ್ ಸಲ್ಲಿಕೆಗೆ ಟ್ರಿಗರ್ಸ್ ಪುಟದಲ್ಲಿ ಯಾರಾದರೊಬ್ಬರು ಟ್ರಿಗರ್ ಅನ್ನು, ಅಂದರೆ ಅರ್ಜಿ ಬಂದಾಗ ಫಂಕ್ಷನ್ ಓಡಿಸುವ ಏರ್ಪಾಟನ್ನು, ಸ್ಥಾಪಿಸಿರಲೇಬೇಕು, ಮತ್ತು ಅದು ಯಾವಾಗಲೂ ಸ್ಥಾಪಿಸಿದವರ ಖಾತೆಯಲ್ಲಿ, ಅವರ ಅನುಮತಿಯ ಮೇಲೆಯೇ ಓಡುತ್ತದೆ. ಒಬ್ಬರು ಹಾಕಿದ್ದು ಇನ್ನೊಬ್ಬರ ಖಾತೆಗೆ ಕಾಣಿಸುವುದೂ ಇಲ್ಲ. ಈ ಸ್ಕ್ರಿಪ್ಟ್ ಬರೆದವರು ಯಾರು, ಅವರು ಈಗಲೂ ನಿಮ್ಮೊಂದಿಗೆ ಇದ್ದಾರೆಯೇ?

ಹೊಸಸಂಯೋಜಕ

ಬರೆದವರು ಹಿಂದಿನ ಸಂಯೋಜಕಿ. ಕಳೆದ ತಿಂಗಳ ಕೊನೆಗೆ ಅವರು ಸಂಸ್ಥೆಯನ್ನು ಬಿಟ್ಟರು. ಹೋಗುವಾಗ ಫಾರ್ಮ್ ಮತ್ತು ಶೀಟ್ ಎರಡರ ಒಡೆತನವನ್ನೂ ನನ್ನ ಖಾತೆಗೆ ವರ್ಗಾಯಿಸಿದರು. ಅದಾದ ಮೇಲೆ ಕಡತಗಳ ಹಂಚಿಕೆಪಟ್ಟಿಯಿಂದ ಅವರ ಹೆಸರನ್ನು ತೆಗೆದೆವು. ಇದನ್ನು ಬದಲಾವಣೆ ಎಂದು ನಾನು ಭಾವಿಸಿರಲಿಲ್ಲ.

ಇನ್ನೊಂದು ವಿಷಯ ಈಗಷ್ಟೇ ತಿಳಿಯಿತು. ಫೋನ್ ಮಾಡಿ ಗೋಳಾಡಿದವರಿಗೆ ನಮ್ಮ ಸಹೋದ್ಯೋಗಿಯೊಬ್ಬರು ಹಳೆಯ ಇಮೇಲ್ ಅನ್ನೇ ತಮ್ಮ ಖಾತೆಯಿಂದ ಕೈಯಾರೆ ಕಳುಹಿಸುತ್ತಿದ್ದರಂತೆ. ಆ 9 ಮಂದಿ ಅವರೇ.

ಸಾಲುಲೆಕ್ಕ

ಅಲ್ಲಿಗೆ ಮುಗಿಯಿತು. ಒಡೆತನ ವರ್ಗವಾದರೂ ಟ್ರಿಗರ್ ವರ್ಗವಾಗುವುದಿಲ್ಲ. ಹಂಚಿಕೆಪಟ್ಟಿಯಿಂದ ಅವರ ಹೆಸರು ಹೋದ ಕ್ಷಣವೇ ಅವರ ಖಾತೆಯ ಮೇಲೆ ನಿಂತಿದ್ದ ಟ್ರಿಗರ್‌ಗೆ ಶೀಟ್ ಮುಟ್ಟುವ ಹಕ್ಕು ತಪ್ಪಿತು. ವಿಫಲವಾದಾಗ ಬರುವ ಸೂಚನೆಯ ಇಮೇಲ್ ಕೂಡ ಟ್ರಿಗರ್ ಹಾಕಿದವರಿಗೇ ಹೋಗುವುದರಿಂದ ನಿಮಗೆ ತಿಳಿಯುವ ದಾರಿಯೇ ಇರಲಿಲ್ಲ.

ನಿಮ್ಮ ಖಾತೆಯಿಂದ ಟ್ರಿಗರ್ಸ್ ಪುಟ ತೆರೆದು, ಅದೇ ಫಂಕ್ಷನ್ ಆರಿಸಿ, ಘಟನೆಯ ಮೂಲ ಶೀಟ್ ಎಂದೂ ಬಗೆ ಫಾರ್ಮ್ ಸಲ್ಲಿಕೆ ಎಂದೂ ಕೊಟ್ಟು ಉಳಿಸಿ. ಅನುಮತಿ ಕೇಳುತ್ತದೆ, ಒಪ್ಪಿಕೊಳ್ಳಿ. ನೀವೇ ಒಂದು ಅರ್ಜಿ ತುಂಬಿ ಪರೀಕ್ಷಿಸಿ.

ಹೊಸಸಂಯೋಜಕ

ಪರೀಕ್ಷೆಯ ಇಮೇಲ್ ಅರ್ಧ ನಿಮಿಷದಲ್ಲಿ ಬಂತು! ಬಹಳ ಧನ್ಯವಾದಗಳು. ಆದರೆ ಸಂತೋಷದ ಭರದಲ್ಲಿ ಒಂದು ಎಡವಟ್ಟು ಮಾಡಿದೆ. ಬಾಕಿ ಇರುವವರಿಗೆ ಕಳುಹಿಸೋಣವೆಂದು ಶೀಟಿನ ಎಲ್ಲ 138 ಅರ್ಜಿಗಳ ಮೇಲೆ ಓಡುವ ಲೂಪ್ ಬರೆದು ರನ್ ಒತ್ತಿದೆ. ಮೊದಲಿನ 86 ಮಂದಿಗೆ ಇಮೇಲ್ ಆಗಲೇ ಹೋಗಿತ್ತೆಂಬುದು ನೆನಪಾಗುವಷ್ಟರಲ್ಲಿ ಅವರಿಗೆಲ್ಲ ಎರಡನೆಯ ಸ್ವಾಗತ ಹೋಗಿತ್ತು. ಆಮೇಲೆ, ಒಂದು ದಿನಕ್ಕೆ ಈ ಸೇವೆಯನ್ನು ಮಿತಿಮೀರಿ ಕರೆಯಲಾಗಿದೆ ಎಂಬ ದೋಷ ತೋರಿಸಿ 99ನೆಯ ಅರ್ಜಿಯ ಬಳಿಕ ನಿಂತಿತು. ತಿಂಗಳ ಹಿಂದೆಯೇ ತರಬೇತಿ ಮುಗಿಸಿರುವ ಒಬ್ಬರು ಪಾಠಗಳನ್ನು ಮೊದಲಿನಿಂದ ಮಾಡಬೇಕೇ ಎಂದು ವಿನಯದಿಂದ ಕೇಳಿದ್ದಾರೆ.

ಸಾಲುಲೆಕ್ಕ

ಸಾಮಾನ್ಯ ಜಿಮೇಲ್ ಖಾತೆಯಲ್ಲಿ ಸ್ಕ್ರಿಪ್ಟ್ ದಿನಕ್ಕೆ 100 ಮಂದಿಗೆ ಮಾತ್ರ ಇಮೇಲ್ ಕಳುಹಿಸಬಲ್ಲದು. ಸಂಸ್ಥೆಗಳಿಗೆಂದಿರುವ ಗೂಗಲ್ ವರ್ಕ್‌ಸ್ಪೇಸ್ ಖಾತೆಯಲ್ಲಾದರೆ ಮಿತಿ 1500. ಪರೀಕ್ಷೆಗೆ ಹೋದ ಒಂದನ್ನು ಕೂಡಿಸಿದರೆ ನಿಮ್ಮ 99ರ ಲೆಕ್ಕ ಸರಿಹೋಗುತ್ತದೆ.

ಶೀಟಿನ ಕೊನೆಯಲ್ಲಿ 'ಕಳುಹಿಸಿದ ದಿನ' ಎಂಬ ಕಾಲಂ ಸೇರಿಸಿ. ಇಮೇಲ್ ಹೋದ ಕೂಡಲೇ ಆ ಸಾಲಿನಲ್ಲಿ ದಿನಾಂಕ ಬರೆಯಲಿ, ದಿನಾಂಕವಿರುವ ಸಾಲನ್ನು ಲೂಪ್ ಮುಟ್ಟದೆ ಮುಂದೆ ಹೋಗಲಿ. ಕೈಯಾರೆ ಕಳುಹಿಸಿದವರ ಸಾಲುಗಳಿಗೂ ಇವತ್ತೇ ದಿನಾಂಕ ತುಂಬಿಬಿಡಿ. ಮತ್ತೆ ಓಡಿಸಲು ನಾಳೆಯವರೆಗೆ ಕಾಯಬೇಕು.

ಸಾಧ್ಯವಾದರೆ ಟ್ರಿಗರ್ ಅನ್ನು ನಿಮ್ಮ ಸ್ವಂತ ಖಾತೆಯಿಂದ ತೆಗೆದು, ಸಂಸ್ಥೆಯ ಹೆಸರಿನಲ್ಲಿ ಇಬ್ಬರಿಗೆ ಪ್ರವೇಶವಿರುವ ಒಂದು ಖಾತೆಯಿಂದ ಹಾಕಿ. ಇಲ್ಲವಾದರೆ ನೀವು ಬಿಟ್ಟುಹೋದ ತಿಂಗಳು ನಿಮ್ಮ ಜಾಗಕ್ಕೆ ಬಂದವರು ಇಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ.

ಅಂಚೆಪೆಟ್ಟಿಗೆ

ಇದನ್ನೆಲ್ಲ ಡೊಮೇನಿನ ವಿಳಾಸದಿಂದ ಮಾಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ ಎಂಬ ನನ್ನ ಮಾತು ಹಾಗೆಯೇ ಇದೆ.

ಹೊಸಸಂಯೋಜಕ

ಎಸ್‌ಪಿಎಫ್‌ನ ಎರಡನೆಯ ಸಾಲನ್ನು ತೆಗೆದ ಮೇಲೆ ಕಚೇರಿಯ ಇಮೇಲ್‌ಗಳು ಸರಿಯಾದವು. ಕಾಲಂ ಸೇರಿಸಿದ್ದೇನೆ. ಉಳಿದ 39ರಲ್ಲಿ 5 ಮಂದಿಗೆ ಕೈಯಾರೆ ಹೋಗಿತ್ತು, ಮಿಕ್ಕ 34 ಮಂದಿಗೆ ಇವತ್ತು ಬೆಳಿಗ್ಗೆ ಹೋಯಿತು. ಎರಡು ಸಲ ಸ್ವಾಗತ ಪಡೆದವರಿಗೆ ಕ್ಷಮೆ ಕೋರಿ ಬರೆಯಬೇಕು. ಅದನ್ನು ಲೂಪ್ ಹಾಕಿ ಕಳುಹಿಸುವ ಧೈರ್ಯ ನನಗಿಲ್ಲ.

ಕೀಲಿಕೈಯವರಲ್ಲಿ ಒಂದು ಪ್ರಶ್ನೆ: ಗುರುತಿನ ಚೀಟಿಯ ಪ್ರಶ್ನೆಯನ್ನು ಫಾರ್ಮ್‌ನಿಂದ ತೆಗೆದರೆ ಈವರೆಗೆ ಬಂದ ಚಿತ್ರಗಳೂ ಹೋಗುತ್ತವೆಯೇ?

ಕೀಲಿಕೈ

ಹೋಗುವುದಿಲ್ಲ. ಪ್ರಶ್ನೆ ಹೋದರೂ ಚಿತ್ರಗಳು ಡ್ರೈವ್‌ನಲ್ಲಿ ಫಾರ್ಮ್‌ನ ಹೆಸರಿನ ಫೋಲ್ಡರ್‌ನೊಳಗೆ ಹಾಗೆಯೇ ಕುಳಿತಿರುತ್ತವೆ. ಅವನ್ನು ನೀವೇ ಅಳಿಸಿ, ಬಳಿಕ ಕಸದಬುಟ್ಟಿಯನ್ನೂ ಖಾಲಿ ಮಾಡಬೇಕು. ಆದರೆ ಅದಕ್ಕೆ ಮೊದಲು ಒಂದನ್ನು ನೋಡಿ: ನೀವು ವರ್ಗಾಯಿಸಿಕೊಂಡದ್ದು ಫಾರ್ಮ್ ಮತ್ತು ಶೀಟ್ ಮಾತ್ರ ಎಂದಿರಿ. ಆ ಫೋಲ್ಡರ್ ಈಗ ಯಾರ ಡ್ರೈವ್‌ನಲ್ಲಿದೆ?