ಕ್ರಿಯಾಟಿನಿನ್ 0.9 ಸಹಜ ಮಿತಿಯಲ್ಲಿದೆ, ಆದರೂ ಮಗನ ಜಿಎಫ್‌ಆರ್ 55 ಎನ್ನುತ್ತಾರೆ: ಯಾವುದು ಸರಿ?

ಪ್ರಶ್ನೆ

ನನ್ನ ಮಗನಿಗೆ 8 ವರ್ಷ. ಮೂತ್ರದ ಸೋಂಕು ಮತ್ತೆ ಮತ್ತೆ ಕಾಣಿಸಿಕೊಂಡಿದ್ದರಿಂದ ರಕ್ತಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ ಡೆಸಿಲೀಟರಿಗೆ 0.9 ಮಿಲಿಗ್ರಾಂ ಎಂದು ಬಂದಿತು. ಪಕ್ಕದಲ್ಲಿ ಮುದ್ರಿಸಿದ್ದ ಸಹಜ ಮಿತಿಯೊಳಗೇ ಅದು ಇತ್ತು. ಆದರೆ ಮಕ್ಕಳ ವೈದ್ಯರು ಅವನ ಎತ್ತರವನ್ನು ಅಳೆಸಿ, 120 ಸೆಂಟಿಮೀಟರ್ ಎಂದು ಗುರುತು ಹಾಕಿಕೊಂಡು, ಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಸೋಸುವ ದರ) 55 ಎಂದು ಬರೆದು, ಮೂತ್ರಪಿಂಡ ತಜ್ಞರನ್ನು ಕಾಣುವಂತೆ ಹೇಳಿದರು. ಮನೆಗೆ ಬಂದು ಹಳೆಯ ಪಠ್ಯಪುಸ್ತಕವೊಂದರ ಸೂತ್ರದಿಂದ ನಾನೇ ಲೆಕ್ಕ ಹಾಕಿದಾಗ 73 ಬಂದಿತು. ಒಂದೇ ರಕ್ತಕ್ಕೆ ಹೀಗೆ ಬೇರೆ ಬೇರೆ ಉತ್ತರ ಬರುವುದೇಕೆ? ಎತ್ತರಕ್ಕೂ ಮೂತ್ರಪಿಂಡಕ್ಕೂ ಏನು ಸಂಬಂಧ?

ಉತ್ತರ 1 (ಮಕ್ಕಳ ವೈದ್ಯೆ)

ನಿಮ್ಮ ವೈದ್ಯರು ಎತ್ತರ ಅಳೆಸಿದ್ದು ಬಹಳ ಒಳ್ಳೆಯದಾಯಿತು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ, ಅದನ್ನು ಸೋಸಿ ಹೊರಹಾಕುವುದು ಮೂತ್ರಪಿಂಡ. ಸ್ನಾಯು ಕಡಿಮೆಯಿರುವ ಮಗುವಿನ ರಕ್ತದಲ್ಲಿ ಅದರ ಪ್ರಮಾಣವೂ ಕಡಿಮೆಯೇ ಇರಬೇಕು. ಆದ್ದರಿಂದ ವಯಸ್ಕರಲ್ಲಿ ಸಹಜವೆನಿಸುವ 0.9, ನಿಮ್ಮ ಮಗನ ವಯಸ್ಸಿನಲ್ಲಿ ಹೆಚ್ಚೇ ಆಗುತ್ತದೆ. ಮಗುವಿನ ಸ್ನಾಯುವಿನ ಪ್ರಮಾಣವನ್ನು ನೇರವಾಗಿ ಅಳೆಯುವುದು ಸುಲಭವಲ್ಲವಾದ ಕಾರಣ ಅದರ ಬದಲಿಗೆ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ.

ಶ್ವಾರ್ಟ್ಜ್ ಮತ್ತು ಸಂಗಡಿಗರು 1976ರಲ್ಲಿ ಕೊಟ್ಟ ಸೂತ್ರದಲ್ಲಿ ಎತ್ತರವನ್ನು 0.55ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸುತ್ತಿದ್ದರು. ನಿಮಗೆ 73 ಬಂದಿದ್ದು ಅದರಿಂದಲೇ. ಕ್ರಿಯಾಟಿನಿನ್ ಅಳೆಯಲು ಆಗ ಬಳಸುತ್ತಿದ್ದ ಜಾಫೆ ವಿಧಾನವು ರಕ್ತದಲ್ಲಿರುವ ಬೇರೆ ಕೆಲವು ವಸ್ತುಗಳನ್ನೂ ಕ್ರಿಯಾಟಿನಿನ್ ಎಂದೇ ಎಣಿಸಿ ಹೆಚ್ಚು ತೋರಿಸುತ್ತಿತ್ತು, ಆ ಹೆಚ್ಚಳಕ್ಕೆ 0.55 ಹೊಂದಿಕೊಂಡಿತ್ತು. ಇಂದಿನ ಕಿಣ್ವ ವಿಧಾನದ ಅಳತೆಗೆ ತಕ್ಕಂತೆ 2009ರಲ್ಲಿ ಆ ಸಂಖ್ಯೆ 0.413 ಆಯಿತು. 0.413 ಅನ್ನು 120ರಿಂದ ಗುಣಿಸಿ 0.9ರಿಂದ ಭಾಗಿಸಿದರೆ 55. ಅಂದರೆ ದೇಹದ ಮೇಲ್ಮೈ ವಿಸ್ತೀರ್ಣ 1.73 ಚದರ ಮೀಟರ್ ಎಂದಿಟ್ಟುಕೊಂಡು ನಿಮಿಷಕ್ಕೆ 55 ಮಿಲಿಲೀಟರ್. ಸುಮಾರು 2 ವರ್ಷ ತುಂಬುವ ಹೊತ್ತಿಗೆ ಈ ದರ ವಯಸ್ಕರ ಮಟ್ಟವಾದ ಸುಮಾರು 120ರ ಹತ್ತಿರಕ್ಕೆ ಬಂದಿರುತ್ತದೆ. ಹಾಗಾಗಿ 55 ಅನ್ನು ನಾನಾಗಿದ್ದರೂ ಕಡೆಗಣಿಸುತ್ತಿರಲಿಲ್ಲ.

ಉತ್ತರ 2 (ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು)

ಮೇಲಿನ ಮಾತಿಗೆ ಒಂದು ಷರತ್ತು ಸೇರಿಸುತ್ತೇನೆ. 0.413 ಎಂಬುದು ಕಿಣ್ವ ವಿಧಾನಕ್ಕೆ ಹೇಳಿದ್ದು. ಜಾಫೆ ವಿಧಾನ ಇನ್ನೂ ಹಲವೆಡೆ ಬಳಕೆಯಲ್ಲಿದೆ, ಮತ್ತು ಕೀಟೋನ್‌ಗಳಿಂದಲೂ ಬಿಲಿರುಬಿನ್‌ನಿಂದಲೂ ಅದರ ಫಲಿತಾಂಶ ಏರುಪೇರಾಗಬಹುದು. ವಯಸ್ಕರ ದೊಡ್ಡ ಸಂಖ್ಯೆಗಳಲ್ಲಿ ಮರೆಯಾಗುವ ಸಣ್ಣ ವ್ಯತ್ಯಾಸ, ಮಕ್ಕಳ ಚಿಕ್ಕ ಸಂಖ್ಯೆಗಳಲ್ಲಿ ದೊಡ್ಡದಾಗಿ ಕಾಣುತ್ತದೆ. ಯಾವ ವಿಧಾನದಿಂದ ಅಳೆದರೆಂದು ಕೇಳಿ ತಿಳಿದುಕೊಳ್ಳಿ, ಮುಂದಿನ ಪರೀಕ್ಷೆಯನ್ನೂ ಅದೇ ಪ್ರಯೋಗಾಲಯದಲ್ಲಿ ಮಾಡಿಸಿ. ವಯಸ್ಕರ ಮಿತಿಯನ್ನೇ ಮಕ್ಕಳ ವರದಿಯಲ್ಲೂ ಮುದ್ರಿಸುವ ರೂಢಿ ನನಗೆ ಬಹಳ ನೋವು ಕೊಡುತ್ತದೆ, ಏಕೆಂದರೆ ಅದನ್ನು ನೋಡಿ ನೆಮ್ಮದಿಪಟ್ಟು ಹಿಂದಿರುಗುವ ತಂದೆತಾಯಿಯರು ಇರುತ್ತಾರೆ.

ಉತ್ತರ 3 (ಮೂತ್ರಪಿಂಡ ವಿಭಾಗದ ವೈದ್ಯ)

2021ರಲ್ಲಿ ಬಂದ ಯು25 ಸೂತ್ರವು 1ರಿಂದ 25 ವರ್ಷದವರಿಗೆ ಅನ್ವಯಿಸುತ್ತದೆ, ವಯಸ್ಸನ್ನೂ ಲಿಂಗವನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಅದರ ಪ್ರಕಾರ ನಿಮ್ಮ ಮಗನಿಗೆ ಸುಮಾರು 50 ಬರುತ್ತದೆ. 50, 55 ಎರಡೂ ಅಂದಾಜುಗಳೇ ಆದ್ದರಿಂದ ಈ ಅಂತರಕ್ಕೆ ಕಳವಳಪಡಬೇಕಾಗಿಲ್ಲ. ಎರಡೂ 60ಕ್ಕಿಂತ ಕೆಳಗಿವೆ ಎಂಬುದನ್ನೇ ಗಮನಿಸಬೇಕು. ಮಗು ತೀರಾ ಸಣಕಲಾಗಿದ್ದರೆ ಅಥವಾ ಸ್ನಾಯುರೋಗವಿದ್ದರೆ ಎತ್ತರವೂ ದಾರಿ ತಪ್ಪಿಸುತ್ತದೆ, ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿರುವಂತೆ ತೋರುತ್ತದೆ. ಅಂಥ ಮಕ್ಕಳಿಗೆ ರಕ್ತದಲ್ಲಿರುವ ಸಿಸ್ಟಾಟಿನ್ ಸಿ ಎಂಬ ಪ್ರೋಟೀನ್‌ನ ಪರೀಕ್ಷೆ ನೆರವಾಗುತ್ತದೆ, ಅದು ಸ್ನಾಯುವನ್ನು ಅಷ್ಟಾಗಿ ಅವಲಂಬಿಸಿಲ್ಲ. ಆದರೆ ಸ್ಟೀರಾಯ್ಡ್ ಔಷಧಿ ಮತ್ತು ಥೈರಾಯ್ಡ್ ತೊಂದರೆಯಿಂದ ಅದೂ ಬದಲಾಗುತ್ತದೆ. ನಿಖರವಾಗಿ ತಿಳಿಯಲೇಬೇಕಾದಾಗ ಐಯೋಹೆಕ್ಸಾಲ್ ಎಂಬ ದ್ರವ್ಯವನ್ನು ಚುಚ್ಚಿ, ಅದು ರಕ್ತದಿಂದ ಎಷ್ಟು ಬೇಗ ಕರಗಿಹೋಗುತ್ತದೆಂದು ಅಳೆಯುತ್ತಾರೆ. ಪರೀಕ್ಷೆಯ ದಿನ ಮಗುವಿಗೆ ಜ್ವರವೋ ವಾಂತಿಯೋ ಇತ್ತೇ ಎಂಬುದನ್ನು ದಯವಿಟ್ಟು ತಿಳಿಸಿ, ಏಕೆಂದರೆ ಕ್ರಿಯಾಟಿನಿನ್ ಏರಿಳಿಯುತ್ತಿರುವಾಗ ಈ ಯಾವ ಸೂತ್ರವೂ ಸಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು

ಹೌದು, ಆ ವಾರ ಅವನಿಗೆ ಜ್ವರವಿತ್ತು, ನೀರನ್ನೂ ಸರಿಯಾಗಿ ಕುಡಿಯುತ್ತಿರಲಿಲ್ಲ. ಹಾಗಾದರೆ 55 ಎಂಬುದು ತಪ್ಪಿರಬಹುದೇ?

ಉತ್ತರ 3 ಬರೆದವರು

ಆ ದಿನಗಳ ಮಟ್ಟಿಗೆ ಇಳಿದಿರಬಹುದು, ಹಾಗೆಂದು ತಜ್ಞರ ಭೇಟಿಯನ್ನು ಮುಂದೂಡಬೇಡಿ. ಮಗು ಚೇತರಿಸಿಕೊಂಡ ಮೇಲೆ ಕ್ರಿಯಾಟಿನಿನ್ ಪರೀಕ್ಷೆ ಮತ್ತೊಮ್ಮೆ ಆಗಲಿ. ಜೊತೆಗೆ ಮೂತ್ರದಲ್ಲಿನ ಪ್ರೋಟೀನ್, ರಕ್ತದೊತ್ತಡ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಆಗಲಿ. ಕಡಿಮೆ ದರ 3 ತಿಂಗಳಿಗೂ ಮೀರಿ ಹಾಗೆಯೇ ಉಳಿದರೆ ಮಾತ್ರ ಅದನ್ನು ದೀರ್ಘಕಾಲದ ತೊಂದರೆ ಎನ್ನುತ್ತೇವೆ. ಅಲ್ಲಿಯವರೆಗೆ ಜ್ವರಕ್ಕೆಂದು ಐಬುಪ್ರೊಫೆನ್ ಅನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಪ್ರತಿ ಸಲ ರಕ್ತ ಕೊಡುವಾಗಲೂ ಅವನ ಎತ್ತರವನ್ನು ಹೊಸದಾಗಿ ಅಳೆಸಿ ವರದಿಯ ಮೇಲೆ ಬರೆಸಿಕೊಳ್ಳಿ.