ಅಣ್ಣನ ಮೇಲೆ ಕೇಸು ಹಾಕಿದರೆ ಸೇಡಾಗುತ್ತಾ?

ಪ್ರಶ್ನೆ: ಅಪ್ಪ ತೀರಿಕೊಂಡ ವಾರದಲ್ಲೇ ಅಣ್ಣ ಖಾಲಿ ಛಾಪಾ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡ. ಈಗ ಅಡಿಕೆ ತೋಟ ಪೂರ್ತಿ ಅವನ ಹೆಸರಲ್ಲಿದೆ. ಭಾನುವಾರ ಚರ್ಚಿನಲ್ಲಿ ನನ್ನ ಮುಂದಿನ ಬೆಂಚಿನಲ್ಲೇ ಕೂರುತ್ತಾನೆ. ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ನನಗೆ ಬಾಯೇ ಬರುವುದಿಲ್ಲ.

ಉತ್ತರ 1: ಏಳೆಪ್ಪತ್ತು ಸಾರಿ ಕ್ಷಮಿಸು ಅಂತ ಯೇಸು ಪೇತ್ರನಿಗೆ ಹೇಳಿದ್ದಲ್ವಾ? ಬಿಟ್ಟುಬಿಡಿ.

ಉತ್ತರ 2: ಸುಮ್ನೆ ಬಿಡಿ ಅನ್ನೋದು ಸುಲಭ, ತೋಟ ಹೋಗಿದ್ದು ನಿಮ್ಮದಲ್ಲ! 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ಮಲಗಿದ್ದ ಗಾಡಿಯಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. 2004ರವರೆಗೆ ಒಡಿಶಾದ ಬಾರಿಪದದಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಹಾಗಂತ ಕೇಸು ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಯ್ಯಿ ತೀರಿಸೋದು ದೇವರ ಕೆಲಸ ಅಂತ ಬೈಬಲಿನಲ್ಲಿ ಬರೆದ ಅಪೊಸ್ತಲ ಪೌಲನೇ ತನ್ನ ಕೇಸನ್ನು ರೋಮಿನ ಚಕ್ರವರ್ತಿಯವರೆಗೆ ಒಯ್ದ. ನೀವೂ ಹಾಕಿ. ಅಣ್ಣ ಹಾಳಾಗಲಿ ಅಂತ ಮಾತ್ರ ಹಾಕಬೇಡಿ.

ಕೇಳಿದವರು: ನಾಳೆ ವಕೀಲರನ್ನು ನೋಡುತ್ತೇನೆ. ಅಂದಹಾಗೆ, ಕ್ರಿಸ್ಮಸ್‌ಗೆ ಅತ್ತಿಗೆ ಕಳಿಸಿದ್ದ ಕುಸ್ವಾರ್ (ಹಬ್ಬದ ತಿಂಡಿಗಳು) ಡಬ್ಬಿಯನ್ನು ಇವತ್ತು ತೆರೆದೆ. ಚಕ್ಕುಲಿ ಎಲ್ಲ ಮೆತ್ತಗಾಗಿದೆ. ಆದರೂ ಎರಡು ತಿಂದೆ.